ನೆಟ್‌ವರ್ಕ್ ಇಲ್ಲದ ದಾರಿಗೆ ಯಾವ ಟ್ಯಾಬ್?

ಬೇಸಿಗೆ ರಜೆ ಮತ್ತು ಯಾತ್ರೆಯ ದಿನಗಳು ಹತ್ತಿರವಾಗುತ್ತಿರುವಂತೆ, ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಯಾಣಕ್ಕೆ ಒಯ್ಯುವ ಟ್ಯಾಬ್ಲೆಟ್‌ ಕುರಿತಾಗಿಯೇ ಇವೆ. ಎಲ್ಲವನ್ನೂ ಪ್ರಕಟಿಸಲು ಜಾಗವಿಲ್ಲದ ಕಾರಣ, ಬೇರೆ ಓದುಗರಿಗೂ ಉಪಯೋಗಕ್ಕೆ ಬರಬಹುದಾದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಾನೂ ನನ್ನ ಮನೆಯವರೂ ಮೇ ತಿಂಗಳಲ್ಲಿ ಮೈಸೂರಿನಿಂದ ರೈಲಿನಲ್ಲಿ ಕಾಶಿಗೆ ಹೋಗಿ, ಅಲ್ಲಿಂದ ಹರಿದ್ವಾರ, ಕೇದಾರ, ಬದರಿ ನೋಡಿಕೊಂಡು ಬರಬೇಕೆಂದಿದ್ದೇವೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ನನ್ನಲ್ಲಿ ಇನ್ನೂರಕ್ಕೂ ಹೆಚ್ಚಿವೆ. ಅವನ್ನು ಓದಲು, ದಾರಿಯ ನಕ್ಷೆ ನೋಡಲು, ಮಗನೊಡನೆ ವಿಡಿಯೊ ಕರೆಯಲ್ಲಿ ಮಾತನಾಡಲು ಒಂದು ಟ್ಯಾಬ್ ಬೇಕಾಗಿದೆ. ಅಂಗಡಿಯವರು ದೊಡ್ಡ ಪರದೆಯದೇ ಒಳ್ಳೆಯದು ಎನ್ನುತ್ತಾರೆ. ಮಗ, ಚಿಕ್ಕದು ಸಾಕು, ಭಾರವಾಗುತ್ತದೆ ಎನ್ನುತ್ತಾನೆ. ವೈ-ಫೈ ಮಾತ್ರ ಇರುವುದು ಸಾಕೇ, ಸಿಮ್ ಹಾಕುವಂಥದು ಬೇಕೇ? ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ನಂಜನಗೂಡು

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ನಿರ್ಣಾಯಕವಾದ ಮಾತು ‘ಸ್ಕ್ಯಾನ್ ಪ್ರತಿಗಳು’ ಎಂಬುದು. ಇ-ಪುಸ್ತಕದ ಆ್ಯಪ್‌ಗಳಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಸಾಲುಗಳು ತಾವೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದ ಪುಟವಾದರೋ ಒಂದು ಚಿತ್ರ ಅಷ್ಟೇ; ಅದನ್ನು ಹಿಗ್ಗಿಸಿದರೆ ಸಾಲಿನ ಕೊನೆಯ ಪದಗಳು ಪರದೆಯಿಂದಾಚೆ ಹೋಗಿ, ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೂ ಬಲಕ್ಕೂ ಎಳೆಯುತ್ತ ಓದಬೇಕಾಗುತ್ತದೆ. ಹತ್ತು ಪುಟ ಹೀಗೆ ಓದಿದವರು ಹನ್ನೊಂದನೆಯ ಪುಟಕ್ಕೆ ಹೋಗುವುದಿಲ್ಲ. ಆದ್ದರಿಂದ ಹಿಗ್ಗಿಸದೆಯೇ ಇಡೀ ಪುಟವನ್ನು ಓದಲು ಬರುವಂಥ ಪರದೆ ನಿಮಗೆ ಬೇಕು.

ನಮ್ಮ ಹೆಚ್ಚಿನ ಪುಸ್ತಕಗಳು ಅಚ್ಚಾಗುವ ಡೆಮಿ 1/8 ಆಕಾರದ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ ಇರುತ್ತದೆ. ಟ್ಯಾಬಿನ ಇಂಚುಗಳು ಪರದೆಯ ಮೂಲೆಯಿಂದ ಎದುರು ಮೂಲೆಗಿರುವ ಅಳತೆ. 11 ಇಂಚಿನ ಟ್ಯಾಬ್‌ನಲ್ಲಿ ಆ ಪುಟ ಅಚ್ಚಿನ ಅಳತೆಯಲ್ಲಿಯೇ ಕೂರುತ್ತದೆ, 8.3 ಅಥವಾ 8.7 ಇಂಚಿನದರಲ್ಲಿ ಅದು ಸುಮಾರು ಶೇ 80ಕ್ಕೆ ಕುಗ್ಗುತ್ತದೆ. ಇಂಗ್ಲಿಷ್ ಪುಸ್ತಕವಾಗಿದ್ದರೆ ಇಷ್ಟು ಕುಗ್ಗಿದರೂ ನಡೆಯುತ್ತಿತ್ತು. ಕನ್ನಡದಲ್ಲಿ ಅಕ್ಷರದ ಅಡಿಯಲ್ಲಿ ಒತ್ತು, ಆ ಒತ್ತಿನ ಪಕ್ಕದಲ್ಲಿ ಮತ್ತೊಂದು ಒತ್ತು ಬರುತ್ತದೆ. ‘ರಾಷ್ಟ್ರ’ ಎಂಬ ಪದವನ್ನೇ ನೋಡಿ, ಅರವತ್ತು ವರ್ಷದ ಹಿಂದಿನ ಮೊಳೆ ಅಚ್ಚಿನ ಮಸುಕಾದ ಪ್ರತಿಯಲ್ಲಿ, ಕುಗ್ಗಿದ ಪರದೆಯಲ್ಲಿ, ಷಕಾರದ ಕೆಳಗಿನದೆಲ್ಲ ಒಂದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಹೀಗಾಗಿ ನಿಮ್ಮ ಮಟ್ಟಿಗೆ ಅಂಗಡಿಯವರ ಮಾತೇ ಸರಿ, 11 ಇಂಚಿನದನ್ನೇ ಕೊಳ್ಳಿರಿ.

ಆದರೆ ನಿಮ್ಮ ಮಗನ ಆತಂಕವನ್ನೂ ತಳ್ಳಿಹಾಕುವಂತಿಲ್ಲ. 11 ಇಂಚಿನ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ 480 ಗ್ರಾಂ ತೂಗುತ್ತದೆ, 10.9 ಇಂಚಿನ ಐಪ್ಯಾಡ್ ಕೂಡ ಹೆಚ್ಚುಕಡಿಮೆ ಅಷ್ಟೇ. 8.3 ಇಂಚಿನ ಐಪ್ಯಾಡ್ ಮಿನಿ ಮುನ್ನೂರು ಗ್ರಾಂಗಿಂತ ಕಡಿಮೆ. ಅಂಗಡಿಯಲ್ಲಿ ನಿಂತು ಎರಡು ನಿಮಿಷ ಹಿಡಿದಾಗ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ರೈಲಿನ ಬರ್ತ್ ಮೇಲೆ ಮಲಗಿ ಮುಖದ ಮೇಲೆ ಎತ್ತಿ ಹಿಡಿದಾಗ ಕಾಲು ಗಂಟೆಯೊಳಗೆ ಮಣಿಕಟ್ಟು ಹೇಳಿಬಿಡುತ್ತದೆ. ಹಿಂದಕ್ಕೆ ಮಡಚಿದರೆ ನಿಲ್ಲುವಂಥ ತೆಳು ಕವರ್ ಒಂದನ್ನು ಜೊತೆಗೇ ಕೊಂಡು, ಟ್ಯಾಬನ್ನು ಕಿಟಕಿಯ ಬಳಿಯ ಚಿಕ್ಕ ಮೇಜಿನ ಮೇಲೋ ತೊಡೆಯ ಮೇಲೋ ನಿಲ್ಲಿಸಿಕೊಂಡು ಓದಿರಿ. ಕೀಬೋರ್ಡ್ ಇರುವ ಕವರ್ ನಿಮಗೆ ಬೇಡ, ಅದೇ ಇನ್ನೊಂದು ಟ್ಯಾಬಿನಷ್ಟು ಭಾರವಾಗುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮಲ್ಲಿರುವ ಅತ್ಯಂತ ಮಸುಕಾದ ಸ್ಕ್ಯಾನ್ ಪ್ರತಿಯೊಂದನ್ನು ಟೈಪ್-ಸಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಅದನ್ನೇ ತೆರೆದು ನಾಲ್ಕು ಪುಟ ಓದಿ ನೋಡಿರಿ. ಅಂಗಡಿಯವರು ತೋರಿಸುವ ಬಣ್ಣಬಣ್ಣದ ವಿಡಿಯೊಗಳು ಎಲ್ಲ ಟ್ಯಾಬ್‌ಗಳಲ್ಲೂ ಚೆನ್ನಾಗಿಯೇ ಕಾಣುತ್ತವೆ.

ಇನ್ನು ಸಿಮ್ಮಿನ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ.

ಎರಡು ವರ್ಷದ ಹಿಂದೆ ನಾವು ಮನೆಮಂದಿ ಹಾಸನದಿಂದ ಧರ್ಮಸ್ಥಳಕ್ಕೆ ಕಾರಿನಲ್ಲಿ ಹೋಗುತ್ತಿದ್ದೆವು. ವೈ-ಫೈ ಮಾತ್ರ ಇದ್ದ ಅಗ್ಗದ ಟ್ಯಾಬ್ ಒಂದರಲ್ಲಿ ನಾನು ಹಿಂದಿನ ರಾತ್ರಿಯೇ ಇಡೀ ದಾರಿಯ ನಕ್ಷೆಯನ್ನು ಇಳಿಸಿಟ್ಟುಕೊಂಡು, ಇನ್ನೇನೂ ಚಿಂತೆಯಿಲ್ಲ ಎಂದುಕೊಂಡಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಟ್ಟ ಇಳಿಯತೊಡಗಿದ ಮೇಲೆ ಫೋನಿನ ಹಾಟ್‌ಸ್ಪಾಟ್ ನಿಂತುಹೋಯಿತು. ನಕ್ಷೆಯೇನೋ ತಿರುವುತಿರುವಾಗಿ ಕಾಣುತ್ತಿತ್ತು. ಆದರೆ ನಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆ ಮಾತ್ರ ಉಜಿರೆ ಮುಟ್ಟುವ ತನಕ ಕೊಟ್ಟಿಗೆಹಾರವನ್ನು ಬಿಟ್ಟು ಕದಲಲಿಲ್ಲ. ಆ ಟ್ಯಾಬಿನಲ್ಲಿ ಜಿಪಿಎಸ್ ಇರಲಿಲ್ಲ.

ಜಿಪಿಎಸ್ ಸಂಕೇತ ಬರುವುದು ಉಪಗ್ರಹಗಳಿಂದ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಆದರೆ ಸಂಕೇತವನ್ನು ಹಿಡಿಯುವ ಚಿಪ್ ಉಪಕರಣದೊಳಗೆ ಇರಬೇಕು. ಐಪ್ಯಾಡ್‌ಗಳಲ್ಲಿ ಸಿಮ್ ಸೌಲಭ್ಯವಿರುವ ಮಾದರಿಗಳಿಗೆ ಮಾತ್ರ ಜಿಪಿಎಸ್ ಇದೆ, ವೈ-ಫೈ ಮಾದರಿಗಳಿಗೆ ಇಲ್ಲ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕೆಲವು ವೈ-ಫೈ ಮಾದರಿಗಳಿಗೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ವಿವರಪಟ್ಟಿಯಲ್ಲಿ ‘ಜಿಪಿಎಸ್’ ಎಂದು ಬರೆದಿದೆಯೇ ಎಂದು ಓದಿ ನೋಡದೆ ಹಣ ಕೊಡಬೇಡಿ. ನಕ್ಷೆಯನ್ನು ಫೋನಿನಲ್ಲಿಯೇ ನೋಡುತ್ತೇವೆ ಎನ್ನುವವರಿಗೆ ವೈ-ಫೈ ಮಾದರಿ ಸಾಕು, ಹಣವೂ ಉಳಿಯುತ್ತದೆ.

ಆದರೂ ನಿಮಗೆ ನಾನು ಸಿಮ್ ಹಾಕುವ ಮಾದರಿಯನ್ನೇ ಸೂಚಿಸುತ್ತೇನೆ. ಉತ್ತರಾಖಂಡದ ಬೆಟ್ಟದ ದಾರಿಗಳಲ್ಲಿ ಒಂದು ಕಂಪನಿಯ ನೆಟ್‌ವರ್ಕ್ ಸಿಗದ ಕಡೆ ಇನ್ನೊಂದರದು ಸಿಗುವುದುಂಟು. ಫೋನಿನಲ್ಲಿ ಒಂದು ಕಂಪನಿಯ ಸಿಮ್, ಟ್ಯಾಬಿನಲ್ಲಿ ಇನ್ನೊಂದರ ಸಿಮ್ ಇಟ್ಟುಕೊಂಡರೆ ಮಗನಿಗೆ ‘ತಲುಪಿದೆವು’ ಎಂದು ತಿಳಿಸಲು ಎರಡು ದಾರಿಗಳಿರುತ್ತವೆ. ಹಾಟ್‌ಸ್ಪಾಟ್ ಹಾಕಿ ಹಾಕಿ ಫೋನಿನ ಬ್ಯಾಟರಿ ಬರಿದಾಗುವುದೂ ತಪ್ಪುತ್ತದೆ. ಸಿಮ್ ಇದ್ದ ಮಾತ್ರಕ್ಕೆ ಎಲ್ಲ ಟ್ಯಾಬ್‌ಗಳಲ್ಲೂ ಸಾಮಾನ್ಯ ಫೋನ್ ಕರೆ ಮಾಡಲಾಗುವುದಿಲ್ಲ. ಐಪ್ಯಾಡ್‌ನಲ್ಲಿ ಆ ಸೌಲಭ್ಯವಿಲ್ಲ. ಇಲ್ಲಿ ಮಾರುವ ಹಲವು ಆಂಡ್ರಾಯ್ಡ್ ಮಾದರಿಗಳಲ್ಲಿ ಇದೆ. ಯುಪಿಐ ಪಾವತಿಗೂ ಟ್ಯಾಬನ್ನು ನೆಚ್ಚಬೇಡಿ. ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯ ಸಿಮ್ ಯಾವ ಉಪಕರಣದಲ್ಲಿದೆಯೋ ಅದರಿಂದಲೇ ನೋಂದಣಿಯ ಎಸ್ಸೆಮ್ಮೆಸ್ ಹೋಗಬೇಕು, ಆ ಸಿಮ್ ನಿಮ್ಮ ಫೋನಿನಲ್ಲಿಯೇ ಇರಲಿ. ಮುಂದೆಂದಾದರೂ ವೈಷ್ಣೋದೇವಿಗೋ ಅಮರನಾಥಕ್ಕೋ ಹೋಗುವುದಾದರೆ ಇನ್ನೊಂದು ಸಂಗತಿ ನೆನಪಿರಲಿ: ಜಮ್ಮು-ಕಾಶ್ಮೀರ ಮತ್ತು ಲಡಾಖ್‌ನಲ್ಲಿ ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಆಗಿರಬೇಕು.

ಕಾಶಿಯವರೆಗಿನ ಪ್ರಯಾಣದಲ್ಲಿ ಎರಡು ರಾತ್ರಿಗಳು ರೈಲಿನಲ್ಲಿಯೇ ಕಳೆಯುತ್ತವೆ. ಬೆಂಕಿ ಅನಾಹುತ ತಡೆಯಲೆಂದು ಬೋಗಿಯ ಚಾರ್ಜಿಂಗ್ ಪಾಯಿಂಟ್‌ಗಳನ್ನು ರಾತ್ರಿ 11ರಿಂದ ಬೆಳಗಿನ 5ರವರೆಗೆ ಆಫ್ ಮಾಡಿಡುವ ಕ್ರಮ ರೈಲ್ವೆಯಲ್ಲಿದೆ. ರಾತ್ರಿಯಿಡೀ ಚಾರ್ಜ್ ಆಗಲಿ ಎಂದು ಸಿಕ್ಕಿಸಿ ಮಲಗಿದರೆ ಬೆಳಿಗ್ಗೆ ನಿರಾಶೆಯಾದೀತು. ಊಟದ ಹೊತ್ತಿಗೇ ಚಾರ್ಜ್ ಮುಗಿಸಿಕೊಳ್ಳಿರಿ. ಕೇದಾರ 3,583 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳಲ್ಲೂ ರಾತ್ರಿಯ ಚಳಿ ಕಠಿಣ. ಲಿಥಿಯಂ ಬ್ಯಾಟರಿ ಅಂಥ ಚಳಿಯಲ್ಲಿ ಶೇ 40 ಇದ್ದಂತೆಯೇ ಆಫ್ ಆಗಿಬಿಡುವುದುಂಟು. ಬೆಚ್ಚಗಾದ ಮೇಲೆ ಸರಿಹೋಗುತ್ತದೆ. ನನ್ನನ್ನು ಕೇಳಿದರೆ ಗೌರಿಕುಂಡದಿಂದ ಮೇಲಕ್ಕೆ ಟ್ಯಾಬ್ ಬೇಡವೇ ಬೇಡ. ಕೆಳಗಿನ ವಸತಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಯಾತ್ರೆಯ ನೋಂದಣಿ ಪತ್ರ ಮತ್ತು ಗುರುತಿನ ಚೀಟಿಯನ್ನು ಕಾಗದದಲ್ಲಿಯೇ ಒಯ್ಯಿರಿ. ಆ ಏರುದಾರಿಯಲ್ಲಿ ಅರ್ಧ ಕಿಲೋ ಅರ್ಧ ಕಿಲೋ ಅನ್ನಿಸುವುದಿಲ್ಲ.

ನಿಮ್ಮ ಪುಸ್ತಕಗಳಿಗೆ 128 ಜಿಬಿ ಧಾರಾಳವಾಗಿ ಸಾಲುತ್ತದೆ. ಮೆಮರಿ ಕಾರ್ಡ್ ಹಾಕಲು ಜಾಗವಿರುವ ಮಾದರಿಯಾದರೆ ಇನ್ನೂ ಒಳ್ಳೆಯದು, ಐಪ್ಯಾಡ್‌ಗಳಲ್ಲಿ ಅದಿಲ್ಲ.

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ನನ್ನ ಬಾಣಂತನಕ್ಕೆಂದು ಬೆಂಗಳೂರಿನಿಂದ ದುಬೈ ಮಾರ್ಗವಾಗಿ ಡಲ್ಲಾಸ್‌ಗೆ ಒಬ್ಬರೇ ಬರುತ್ತಿದ್ದಾರೆ. ಕನ್ನಡ ಬಿಟ್ಟು ಬೇರೆ ಭಾಷೆ ಓದಲು ಬಾರದು. ದಾರಿಯಲ್ಲಿ ಯಕ್ಷಗಾನ, ಭಜನೆ ನೋಡಿಕೊಂಡು ಬರಲು, ಅಗತ್ಯ ಬಿದ್ದರೆ ಅಲ್ಲಿಯವರಿಗೆ ಏನಾದರೂ ತಿಳಿಸಲು ಒಂದು ಟ್ಯಾಬ್ ಕೊಡಿಸಬೇಕೆಂದಿದ್ದೇನೆ. ಯಾವುದು ಸರಿ?
— ಓದುಗರೊಬ್ಬರು, ಡಲ್ಲಾಸ್

ಉತ್ತರ: ತಂಗೀ, ನಿನ್ನ ತಾಯಿಯವರಿಗೆ ದೊಡ್ಡ ಪರದೆ ಬೇಡ. ಎಂಟು-ಒಂಬತ್ತು ಇಂಚಿನ, ಹೆಗಲ ಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗೇ ಹಿಡಿಸುವಂಥದು ಸಾಕು. ಸಿಮ್ಮೂ ಬೇಡ. ಆದರೆ ಅಂಗಡಿಯವರು ಹೇಳದ ಒಂದು ವಿವರವನ್ನು ಅವಶ್ಯವಾಗಿ ನೋಡಬೇಕು: ತಂತಿಯ ಇಯರ್‌ಫೋನ್ ಸಿಕ್ಕಿಸುವ ಗುಂಡು ತೂತು ಇದೆಯೇ ಎಂಬುದು. ಈಚಿನ ಐಪ್ಯಾಡ್‌ಗಳಲ್ಲಿ ಅದಿಲ್ಲ. ಗ್ಯಾಲಕ್ಸಿ ಟ್ಯಾಬ್ ಎ9ನಂಥ ಮಾದರಿಗಳಲ್ಲಿ ಇದೆ. ಬ್ಲೂಟೂತ್ ಇಯರ್‌ಫೋನ್ ವಿಮಾನದಲ್ಲಿ ಒಮ್ಮೆ ಸಂಪರ್ಕ ತಪ್ಪಿದರೆ ಅವರಿಗೆ ಮತ್ತೆ ಜೋಡಿಸಲು ಆಗದಿರಬಹುದು, ಪಕ್ಕದವರನ್ನು ಕೇಳಲು ಭಾಷೆಯೂ ಬಾರದು. ತಂತಿಯದಾದರೆ ಸಿಕ್ಕಿಸಿದರಾಯಿತು.

ಟ್ಯಾಬನ್ನು ಪ್ರಯಾಣದ ಹಿಂದಿನ ದಿನ ಕೊಡಿಸಬೇಡ, ಮೂರು ವಾರ ಮುಂಚೆಯೇ ಅವರ ಕೈಗೆ ಸಿಗಲಿ. ಅದರ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ಮುಖಪುಟದಲ್ಲಿ ನಾಲ್ಕೇ ನಾಲ್ಕು ಚಿಹ್ನೆಗಳನ್ನು ಉಳಿಸಲು ಅಲ್ಲಿರುವ ಯಾರಿಗಾದರೂ ಹೇಳು. ಬಳಿಕ ಮುಖ್ಯವಾದ ಪರೀಕ್ಷೆಯೊಂದಿದೆ. ಒಂದು ಮಧ್ಯಾಹ್ನ ಏರೋಪ್ಲೇನ್ ಮೋಡ್ ಹಾಕಿ, ಟ್ಯಾಬನ್ನು ಅವರ ಕೈಗೆ ಕೊಟ್ಟು, ಎರಡು ಗಂಟೆ ಯಾರೂ ನೆರವಾಗದೆ ಅವರೊಬ್ಬರೇ ಬಳಸಲಿ. ಇಳಿಸಿಟ್ಟ ವಿಡಿಯೊಗಳು ನಿಜಕ್ಕೂ ತೆರೆಯುತ್ತವೆಯೇ, ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದೆಲ್ಲ ಮನೆಯಲ್ಲಿಯೇ ಗೊತ್ತಾಗುತ್ತದೆ. ಆ್ಯಪ್‌ಗಳೊಳಗೆ ಇಳಿಸಿದ ಕಾರ್ಯಕ್ರಮಗಳಿಗೆ ಅವಧಿ ಇರುತ್ತದೆ, ಇಂತಿಷ್ಟು ದಿನ ಇಂಟರ್ನೆಟ್ ಸಿಗದಿದ್ದರೆ ಅವು ತೆರೆಯುವುದಿಲ್ಲ. ಹಾಗಾಗಿ ಹೊರಡುವ ಹಿಂದಿನ ದಿನ ಒಮ್ಮೆ ವೈ-ಫೈಗೆ ಸೇರಿಸಬೇಕು.

ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡದ ಕಡತವನ್ನು ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಬರೆದ ವಾಕ್ಯವನ್ನು ಅನುವಾದಿಸುತ್ತದೆ. ಆದರೂ ಅದೊಂದನ್ನೇ ನಂಬಿ ತಾಯಿಯನ್ನು ಕಳಿಸಬೇಡ. ‘ನನಗೆ ಕನ್ನಡ ಮಾತ್ರ ಬರುತ್ತದೆ’, ‘ನನಗೆ ಗಾಲಿಕುರ್ಚಿ ಬೇಕು’, ‘ಡಲ್ಲಾಸ್ ವಿಮಾನಕ್ಕೆ ಎಲ್ಲಿ ಹೋಗಬೇಕು’, ‘ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ’ ಎಂಬಂಥ ಆರೇಳು ವಾಕ್ಯಗಳನ್ನು ಮೇಲೆ ಕನ್ನಡದಲ್ಲೂ ಕೆಳಗೆ ಇಂಗ್ಲಿಷ್‌ನಲ್ಲೂ ದೊಡ್ಡದಾಗಿ ಬರೆದು, ಒಂದೊಂದನ್ನೂ ಒಂದೊಂದು ಚಿತ್ರವಾಗಿ ಟ್ಯಾಬಿನಲ್ಲಿ ಇಡಿಸು. ಅದೇ ವಾಕ್ಯಗಳು ನಿನ್ನ ಫೋನ್ ಸಂಖ್ಯೆಯ ಸಮೇತ ಕಾಗದದ ಮೇಲೂ ಅವರ ಚೀಲದಲ್ಲಿರಲಿ.

ಭದ್ರತಾ ತಪಾಸಣೆಯಲ್ಲಿ ಟ್ಯಾಬನ್ನು ಚೀಲದಿಂದ ತೆಗೆದು ಟ್ರೇಯಲ್ಲಿ ಇಡಲು ಹೇಳುತ್ತಾರೆ. ಕಪ್ಪು ಟ್ರೇಯಲ್ಲಿ ಕಪ್ಪು ಟ್ಯಾಬ್ ಕಣ್ಣಿಗೆ ಬೀಳದೆ ಅಲ್ಲಿಯೇ ಉಳಿದುಬಿಡುವುದು ತುಂಬ ಸಾಮಾನ್ಯ. ಅವರದೇ ಹಳೆಯ ರೇಷ್ಮೆ ಸೀರೆಯ ಕೆಂಪು ಅಂಚಿನಲ್ಲಿ ಒಂದು ಕೈಚೀಲ ಹೊಲಿಸಿ, ಟ್ಯಾಬ್ ಹೊರತೆಗೆದಾಗ ಖಾಲಿ ಚೀಲವನ್ನು ಅವರು ಕೈಯಲ್ಲೇ ಹಿಡಿದಿರಲಿ. ಕೈಯಲ್ಲಿ ಬರಿ ಚೀಲ ಇರುವಷ್ಟು ಹೊತ್ತು ಒಳಗಿನ ವಸ್ತು ಮರೆಯುವುದಿಲ್ಲ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದಿದ್ದರೆ ಅಮೆರಿಕದಲ್ಲೂ ನಡೆಯುತ್ತದೆ, ಪಿನ್ನಿನ ಆಕಾರ ಮಾತ್ರ ಬೇರೆ. ಅಡಾಪ್ಟರ್ ನಿನ್ನ ಮನೆಯಲ್ಲಿ ಇದ್ದರೆ ಸಾಕು.

ಪ್ರಶ್ನೆ: ನಮ್ಮಲ್ಲಿ 2017ರಲ್ಲಿ ಕೊಂಡ ಟ್ಯಾಬ್ ಇದೆ. ಮಕ್ಕಳೊಡನೆ ಗೋವಾ ಪ್ರವಾಸಕ್ಕೆ ಹೊಸದನ್ನೇ ಕೊಳ್ಳಬೇಕೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಮಕ್ಕಳಿಗೆ ದಾರಿಯಲ್ಲಿ ಕಥೆ, ಚಲನಚಿತ್ರ ತೋರಿಸಲಷ್ಟೇ ಆದರೆ ಬೇಕಾಗಿಲ್ಲ. ಪೂರ್ತಿ ಚಾರ್ಜ್ ಮಾಡಿ, ಅದರಲ್ಲಿಯೇ ಇರುವ ವಿಡಿಯೊ ಒಂದನ್ನು ಒಂದು ಗಂಟೆ ಓಡಿಸಿರಿ. ಶೇ 20ರಷ್ಟು ಇಳಿದರೆ ಐದು ಗಂಟೆ ಬಾಳುತ್ತದೆ ಎಂದು ಲೆಕ್ಕ, ಗೋವಾಕ್ಕೆ ಸಾಕು. ಭದ್ರತಾ ಅಪ್‌ಡೇಟ್ ನಿಂತುಹೋಗಿರುವ ಹಳೆಯ ಟ್ಯಾಬಿನಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ. ಅದನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಅಲುಗಾಡಿಸಿ ನೋಡಿರಿ. ಬೆನ್ನು ಉಬ್ಬಿದ್ದರೆ, ಇಲ್ಲವೇ ಪರದೆಯ ಅಂಚು ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅಂಥದನ್ನು ಚಾರ್ಜ್ ಮಾಡಲೂಬಾರದು, ಮಕ್ಕಳ ಕೈಗೆ ಕೊಡಲೂಬಾರದು. ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಸಮುದ್ರಕ್ಕೆ ಇಳಿಯುವಾಗ ಟ್ಯಾಬನ್ನು ಕಾರಿನೊಳಗೆ ಬಿಡಬೇಡಿ.

ಪ್ರಶ್ನೆ: ನಾನು ಹವ್ಯಾಸಿ ಪಕ್ಷಿ ಛಾಯಾಗ್ರಾಹಕ. ದಾಂಡೇಲಿ, ಆಗುಂಬೆಯ ಕಡೆಗೆ ಮಳೆಗಾಲದಲ್ಲೂ ಹೋಗುತ್ತೇನೆ. ಲ್ಯಾಪ್‌ಟಾಪ್ ಹೊರುವ ಬದಲು ಕ್ಯಾಮೆರಾ ಕಾರ್ಡಿನ ಚಿತ್ರಗಳನ್ನು ಟ್ಯಾಬಿಗೇ ತುಂಬಿಕೊಂಡು, ಅಲ್ಲಿಯೇ ಆಯ್ದು ತಿದ್ದುವುದು ಸಾಧ್ಯವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಧ್ಯವಿದೆ, ಆದರೆ ಟೈಪ್-ಸಿ ಕಿಂಡಿ ಕಂಡೊಡನೆ ತೃಪ್ತರಾಗಬೇಡಿ. ಕಿಂಡಿಯ ಆಕಾರ ಒಂದೇ ಆದರೂ ಒಳಗಿನ ವೇಗ ಬೇರೆ ಬೇರೆ ಇರುತ್ತದೆ. ಮೂಲ ಐಪ್ಯಾಡ್ ಹಾಗೂ ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿರುವುದು ಯುಎಸ್‌ಬಿ 2.0, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. 64 ಜಿಬಿ ಕಾರ್ಡ್ ತುಂಬಿದ್ದರೆ ಲೆಕ್ಕದ ಪ್ರಕಾರವೇ ಹದಿನೆಂಟು ನಿಮಿಷ, ವಾಸ್ತವದಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಐಪ್ಯಾಡ್ ಏರ್, ಗ್ಯಾಲಕ್ಸಿ ಟ್ಯಾಬ್ ಎಸ್9ನಂಥ ಮೇಲ್ದರ್ಜೆಯವು ಯುಎಸ್‌ಬಿ 3 ವೇಗದವು. ದಿನಕ್ಕೆ ಒಂದು ಕಾರ್ಡ್ ತುಂಬಿಸುವವರಿಗೆ ಆ ಬೆಲೆ ದಂಡವಲ್ಲ.

ಮಳೆಯ ವಿಚಾರದಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. 2023ರ ಗ್ಯಾಲಕ್ಸಿ ಟ್ಯಾಬ್ ಎಸ್9 ಸರಣಿಗೆ ಐಪಿ68 ದರ್ಜೆಯ ನೀರು-ದೂಳು ರಕ್ಷಣೆ ಇದೆ, ಅದರ ಅಗ್ಗದ ಎಫ್‌ಇ ಮಾದರಿಗೂ ಇದೆ. ಐಪ್ಯಾಡ್‌ಗಳಿಗೆ ಅಂಥ ದರ್ಜೆ ಇಲ್ಲ. ಆಗುಂಬೆಯ ಮಳೆಯಲ್ಲಿ ಹೋಮ್‌ಸ್ಟೇ ಜಗಲಿಯ ಮೇಲೆ ಕುಳಿತರೂ ಗಾಳಿಗೆ ಇರಚಲು ಹೊಡೆಯುತ್ತದೆ, ಚೀಲದೊಳಗಿನ ಬಟ್ಟೆಯೂ ತಣ್ಣಗಾಗುತ್ತದೆ. ಹಾಗಾಗಿ ನಿಮ್ಮ ಬಳಕೆಗೆ ನಾನು ಮೊದಲು ನೋಡುವುದೇ ಈ ದರ್ಜೆಯನ್ನು. ಐಪಿ68 ಇದ್ದರೂ ಕಿಂಡಿಯೊಳಗೆ ನೀರಿನ ಪಸೆ ಇರುವಾಗ ಚಾರ್ಜರ್ ಸಿಕ್ಕಿಸಬಾರದು. ಕಿಂಡಿ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಒಣಗಲು ಬಿಡಿರಿ.

ಮಂಗಟ್ಟೆಯ ಕಣ್ಣು ಸರಿಯಾಗಿ ಫೋಕಸ್ ಆಗಿದೆಯೇ ಎಂದು ನೋಡಲು 11 ಇಂಚಿನ ಪರದೆ ಕ್ಯಾಮೆರಾದ ಪರದೆಗಿಂತ ಎಷ್ಟೋ ಮೇಲು. ಹಗಲು ಹೊರಗೆ ನೋಡುವುದಾದರೆ ಹೊಳಪು 500 ನಿಟ್ಸ್‌ಗೆ ಕಡಿಮೆ ಇರಬಾರದು. ಟ್ಯಾಬಿಗೆ ತುಂಬಿಸಿಯಾಯಿತೆಂದು ಕಾರ್ಡನ್ನು ಅಳಿಸಿಬಿಡಬೇಡಿ, ಮನೆಗೆ ಬಂದು ಇನ್ನೊಂದು ಪ್ರತಿ ಆಗುವ ತನಕ ಹಾಗೆಯೇ ಇರಲಿ. ಪಕ್ಷಿಗಳ ಗುರುತಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಬಳಸುವವರು ಭಾರತದ ಪಕ್ಷಿಗಳ ಕಡತವನ್ನು ಊರಿನಲ್ಲಿಯೇ ಇಳಿಸಿಕೊಂಡರೆ ಕಾಡಿನಲ್ಲಿ ನೆಟ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ.

ಪ್ರಶ್ನೆ: ನನ್ನ 20,000 ಎಂಎಎಚ್ ಪವರ್ ಬ್ಯಾಂಕನ್ನು ವಿಮಾನದಲ್ಲಿ ಒಯ್ಯಬಹುದೇ? ಅದರಿಂದ ಟ್ಯಾಬನ್ನು ಎಷ್ಟು ಸಲ ಚಾರ್ಜ್ ಮಾಡಬಹುದು?
— ಓದುಗರೊಬ್ಬರು, ಮಂಗಳೂರು

ಉತ್ತರ: ಒಯ್ಯಬಹುದು, ಆದರೆ ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಮಿತಿ ಇರುವುದು ವ್ಯಾಟ್-ಅವರ್ ಲೆಕ್ಕದಲ್ಲಿ, ಅಂದರೆ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ವಿದ್ಯುತ್ತಿನ ಲೆಕ್ಕದಲ್ಲಿ. 20,000 ಎಂಎಎಚ್ ಅನ್ನು ಒಳಗಿನ ಬ್ಯಾಟರಿಯ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್ ಬರುತ್ತದೆ. ನೂರರೊಳಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕಿಲ್ಲ. ನೂರರಿಂದ 160ರವರೆಗಿನದಕ್ಕೆ ಬೇಕು. ಒಯ್ಯುವುದು ಬೇರೆ, ಒಳಗೆ ಬಳಸುವುದು ಬೇರೆ. ಉದಾಹರಣೆಗೆ ಎಮಿರೇಟ್ಸ್ ಸಂಸ್ಥೆ 2025ರ ಅಕ್ಟೋಬರ್ 1ರಿಂದ ಪ್ರಯಾಣಿಕರಿಗೆ ಒಂದೇ ಪವರ್ ಬ್ಯಾಂಕ್ ಒಯ್ಯಲು ಬಿಡುತ್ತದೆ, ವಿಮಾನದೊಳಗೆ ಅದರಿಂದ ಚಾರ್ಜ್ ಮಾಡಲು ಬಿಡುವುದಿಲ್ಲ. ಆದ್ದರಿಂದ ಟ್ಯಾಬನ್ನು ವಿಮಾನ ಹತ್ತುವ ಮೊದಲೇ ತುಂಬಿಸಿಕೊಳ್ಳಿರಿ.

ಹತ್ತನೇ ತಲೆಮಾರಿನ ಐಪ್ಯಾಡಿನ ಬ್ಯಾಟರಿ 28.6 ವ್ಯಾಟ್-ಅವರಿನದು. 74ರಲ್ಲಿ ಎರಡೂವರೆ ಸಲ ಆಗಬೇಕಲ್ಲ ಎನ್ನಿಸಬಹುದು. ಆದರೆ ವೋಲ್ಟ್ ಬದಲಾಗುವಾಗ, ತಂತಿ ಬಿಸಿಯಾಗುವಾಗ ಒಂದಷ್ಟು ನಷ್ಟವಾಗುವುದರಿಂದ ಎರಡು ಸಲಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಕೊನೆಯದಾಗಿ, ಪವರ್ ಬ್ಯಾಂಕಿನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಹೊರಡುವ ಮೊದಲೇ ಬೆಳಕಿನಲ್ಲಿ ನೋಡಿರಿ. ಬಳಸಿ ಬಳಸಿ ಆ ಅಂಕಿಗಳು ಅಳಿಸಿಹೋಗಿದ್ದರೆ, ಎಷ್ಟೇ ಒಳ್ಳೆಯದಾಗಿದ್ದರೂ ತಪಾಸಣೆಯವರು ಅದನ್ನು ಅಲ್ಲಿಯೇ ತೆಗೆದಿಟ್ಟುಕೊಳ್ಳಬಹುದು.